ಪೊಲೀಸ್ ಕ್ಯಾಮೆರಾಗಳ ಲೆಕ್ಕ ಕೇಳುವವರು ಯಾರು? ಬೆಂಗಳೂರು ಗ್ರಾಮಾಂತರದವರು ಫಾರ್ವರ್ಡ್ ಮಾಡುವ ಮೊದಲು ತಿಳಿದಿರಬೇಕಾದದ್ದು

"ಪೊಲೀಸರ ಖರ್ಚು ರಹಸ್ಯ, ಆರ್‌ಟಿಐನಲ್ಲಿ ಕೇಳುವಂತಿಲ್ಲ" ಎಂದು ಒಂದು ಫಾರ್ವರ್ಡ್ ಹೇಳುತ್ತದೆ. "ನಮ್ಮ ಊರಿನ ಪ್ರತಿ ಮೂಲೆಯಲ್ಲೂ ಮುಖ ಗುರುತಿಸುವ ಕ್ಯಾಮೆರಾ ಇದೆ" ಎನ್ನುತ್ತದೆ ಇನ್ನೊಂದು. "ಠಾಣೆಯ ಸಿಸಿಟಿವಿ ಯಾವಾಗಲೂ ಕೆಟ್ಟಿರುತ್ತದೆ, ಯಾರೂ ಏನೂ ಮಾಡಲಾಗದು" ಎನ್ನುವುದು ಮೂರನೆಯದು. ಮೂರರಲ್ಲೂ ಸ್ವಲ್ಪ ನಿಜ, ಹೆಚ್ಚು ಗೊಂದಲ ಇದೆ.

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳಲ್ಲಿ ಇರುವವರಿಗೆ ಈ ವಿಷಯ ದೂರದ್ದಲ್ಲ. ಪೊಲೀಸ್ ಇಲಾಖೆ ಕೊಳ್ಳುವ ಕ್ಯಾಮೆರಾ, ಸರ್ವರ್, ಸಾಫ್ಟ್‌ವೇರ್ ಎಲ್ಲವೂ ನಮ್ಮ ತೆರಿಗೆ ಹಣದ್ದು. ಅವು ಕೆಲಸ ಮಾಡದಿದ್ದರೆ ನಷ್ಟವೂ ನಮ್ಮದೇ. ಹಣ ಎಲ್ಲಿಂದ ಬರುತ್ತದೆ, ಯಾರು ತೀರ್ಮಾನಿಸುತ್ತಾರೆ, ಯಾರು ತಪಾಸಣೆ ಮಾಡಬೇಕು, ಸಾಮಾನ್ಯ ಜನ ಏನು ಕೇಳಬಹುದು ಎಂಬುದನ್ನು ಒಂದೊಂದಾಗಿ ನೋಡೋಣ.

ಚಿಕ್ಕದಾಗಿ ಹೇಳುವುದಾದರೆ

- ಪೊಲೀಸ್ ಇಲಾಖೆಯ ಖರೀದಿ, ನಿರ್ವಹಣೆಯ ಲೆಕ್ಕವನ್ನು ಆರ್‌ಟಿಐ ಅಡಿಯಲ್ಲಿ ಕೇಳಬಹುದು.
- ಬೆಂಗಳೂರಿನ 'ಸೇಫ್ ಸಿಟಿ' ಯೋಜನೆ ನಗರ ಪೊಲೀಸ್ ಕಮಿಷನರೇಟ್ ವ್ಯಾಪ್ತಿಯದು. ಗ್ರಾಮಾಂತರ ಜಿಲ್ಲೆಯ ಪೊಲೀಸರದ್ದಲ್ಲ.
- ಪ್ರತಿ ಠಾಣೆಯಲ್ಲೂ ಕ್ಯಾಮೆರಾ ಇರಬೇಕು, ಅದರ ಮೇಲೆ ನಿಗಾ ಇಡಲು ಜಿಲ್ಲಾ ಮಟ್ಟದ ಸಮಿತಿ ಇರಬೇಕು ಎಂದು ಸುಪ್ರೀಂ ಕೋರ್ಟ್ 2020ರಲ್ಲೇ ಆದೇಶಿಸಿದೆ.
- ಠಾಣೆಯಲ್ಲಿ ಅನ್ಯಾಯವಾದರೆ ದೃಶ್ಯ ಅಳಿಸಿಹೋಗುವ ಮೊದಲೇ, ಅದನ್ನು ಉಳಿಸಿ ಎಂದು ಬರವಣಿಗೆಯಲ್ಲಿ ಕೇಳುವ ಹಕ್ಕು ನಿಮಗಿದೆ.

ಯಾವ ಪೊಲೀಸ್, ಯಾವ ಯೋಜನೆ?

ಹೆಚ್ಚಿನ ಗೊಂದಲ ಹುಟ್ಟುವುದು ಇಲ್ಲಿಯೇ. ಬೆಂಗಳೂರು ನಗರದ ಪೊಲೀಸರಿಗೆ ಕಮಿಷನರ್ ಮುಖ್ಯಸ್ಥರು. ಗ್ರಾಮಾಂತರ ಜಿಲ್ಲೆಯ ಪೊಲೀಸರಿಗೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿ, ಅಂದರೆ ಎಸ್‌ಪಿ. ಇವು ಎರಡು ಬೇರೆ ಘಟಕಗಳು. ಕಂದಾಯ ಇಲಾಖೆಯ ಗಡಿಯೂ ಪೊಲೀಸರ ಗಡಿಯೂ ಎಲ್ಲ ಕಡೆ ಒಂದೇ ಅಲ್ಲ. ಉದಾಹರಣೆಗೆ, ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಇರುವುದು ದೇವನಹಳ್ಳಿ ತಾಲ್ಲೂಕಿನಲ್ಲಿ. ಆದರೆ ಅಲ್ಲಿನ ಪೊಲೀಸ್ ಠಾಣೆ ಬೆಂಗಳೂರು ನಗರ ಪೊಲೀಸರಿಗೆ ಸೇರಿದೆ.

'ಸೇಫ್ ಸಿಟಿ' ಎಂಬುದು ಕೇಂದ್ರದ ನಿರ್ಭಯಾ ನಿಧಿಯಿಂದ ಮಹಿಳೆಯರ ಸುರಕ್ಷತೆಗಾಗಿ 8 ಮಹಾನಗರಗಳಿಗೆ ಮಂಜೂರಾದ ಯೋಜನೆ. ಅಹಮದಾಬಾದ್, ಬೆಂಗಳೂರು, ಚೆನ್ನೈ, ದೆಹಲಿ, ಹೈದರಾಬಾದ್, ಕೋಲ್ಕತ್ತ, ಲಖನೌ, ಮುಂಬೈ ಈ ಪಟ್ಟಿಯಲ್ಲಿವೆ. ಬೆಂಗಳೂರಿನಲ್ಲಿ ಸುಮಾರು 3,000 ಸ್ಥಳಗಳಲ್ಲಿ 7,000ಕ್ಕೂ ಹೆಚ್ಚು ಕ್ಯಾಮೆರಾ ಅಳವಡಿಸಲು ಯೋಜಿಸಲಾಯಿತು. 2023ರ ನವೆಂಬರ್‌ನಲ್ಲಿ ಇದರ ಕಮಾಂಡ್ ಸೆಂಟರ್ ಉದ್ಘಾಟನೆಯಾಯಿತು.

ಹಾಗಾಗಿ ಬೆಂಗಳೂರಿನ ಕಮಾಂಡ್ ಸೆಂಟರ್ ವಿಡಿಯೊ ತೋರಿಸಿ "ಹೊಸಕೋಟೆಯಲ್ಲೂ ಇದೇ ನಡೆಯುತ್ತಿದೆ" ಎಂದು ಬರುವ ಸಂದೇಶವನ್ನು ನೇರವಾಗಿ ನಂಬಬೇಡಿ. ನಮ್ಮ ಪಟ್ಟಣಗಳಲ್ಲಿ ಕಾಣುವ ಕ್ಯಾಮೆರಾ ಹಲವು ಮೂಲದ್ದಾಗಿರಬಹುದು: ಪೊಲೀಸ್ ಇಲಾಖೆಯದು, ನಗರಸಭೆ ಅಥವಾ ಪುರಸಭೆಯದು, ಗ್ರಾಮ ಪಂಚಾಯಿತಿಯದು, ಹೆದ್ದಾರಿ ಟೋಲ್‌ನವರದು, ಅಂಗಡಿಯವರದು, ಇಲ್ಲವೇ ಕಂಪನಿಯೊಂದು ತನ್ನ ಸಾಮಾಜಿಕ ಹೊಣೆಗಾರಿಕೆ ಹಣದಲ್ಲಿ ಕೊಟ್ಟದ್ದು. ಕಂಬ ಒಂದೇ ರೀತಿ ಕಂಡರೂ ಮಾಲೀಕರು ಬೇರೆ, ಲೆಕ್ಕ ಕೊಡಬೇಕಾದವರೂ ಬೇರೆ.

ದಾನವಾಗಿ ಬಂದ ಕ್ಯಾಮೆರಾಗೆ ಒಂದು ವಿಶೇಷ ಸಮಸ್ಯೆ ಇದೆ. ಉದ್ಘಾಟನೆಯ ದಿನ ಫೋಟೊ ಬರುತ್ತದೆ. ಎರಡು ವರ್ಷದ ನಂತರ ಕೇಬಲ್ ತುಂಡಾದರೆ ಸರಿಪಡಿಸುವ ಹಣ ಯಾರದ್ದು ಎಂಬುದು ಕಾಗದದಲ್ಲಿ ಬರೆದಿರದಿದ್ದರೆ, ಆ ಕ್ಯಾಮೆರಾ ಕಂಬದ ಮೇಲಿನ ಅಲಂಕಾರವಾಗಿ ಉಳಿಯುತ್ತದೆ. ನೆಲಮಂಗಲ, ದೊಡ್ಡಬಳ್ಳಾಪುರ, ಹೊಸಕೋಟೆಯಂತಹ ಕೈಗಾರಿಕೆ ಮತ್ತು ಗೋದಾಮುಗಳ ಪ್ರದೇಶದಲ್ಲಿ ಈ ಪ್ರಶ್ನೆ ಕೇಳಲೇಬೇಕು.

ಹಣ ಎಲ್ಲಿಂದ ಬರುತ್ತದೆ?

ಮುಖ್ಯವಾಗಿ ಎರಡು ದಾರಿ. ಮೊದಲನೆಯದು ರಾಜ್ಯ ಬಜೆಟ್. ಬಜೆಟ್ ಪುಸ್ತಕದಲ್ಲಿ ಪೊಲೀಸ್ ಇಲಾಖೆಯ ದೈನಂದಿನ ಖರ್ಚಿಗೆ 2055, ಕಟ್ಟಡ, ಉಪಕರಣದಂತಹ ಬಂಡವಾಳ ವೆಚ್ಚಕ್ಕೆ 4055 ಎಂಬ ಲೆಕ್ಕ ಶೀರ್ಷಿಕೆಗಳಿವೆ. ಹಣಕಾಸು ಇಲಾಖೆಯ ಜಾಲತಾಣದಲ್ಲಿ ಬಜೆಟ್ ಪುಸ್ತಕ ತೆರೆದು ಈ ಎರಡು ಸಂಖ್ಯೆ ಹುಡುಕಿದರೆ ಸಾಕು, ಇಲಾಖೆಗೆ ಎಷ್ಟು ಹಣ ಇಡಲಾಗಿದೆ ಎಂಬುದು ಯಾರಿಗಾದರೂ ಸಿಗುತ್ತದೆ. ಇದಕ್ಕೆ ಅರ್ಜಿಯೂ ಬೇಡ, ಶುಲ್ಕವೂ ಬೇಡ.

ಎರಡನೆಯದು ಕೇಂದ್ರದ ನೆರವು. ರಾಜ್ಯ ಪೊಲೀಸ್ ಪಡೆಗಳ ಆಧುನೀಕರಣಕ್ಕೆ ಕೇಂದ್ರ ನೆರವು ನೀಡುವ ಯೋಜನೆ 1969-70ರಿಂದಲೂ ಇದೆ. ಕರ್ನಾಟಕದಂತಹ ರಾಜ್ಯಗಳಿಗೆ ಇದರಲ್ಲಿ ಕೇಂದ್ರದ ಪಾಲು ಶೇ 60, ರಾಜ್ಯದ ಪಾಲು ಶೇ 40. ಪೊಲೀಸ್ ಠಾಣೆಗಳನ್ನು ಒಂದೇ ಜಾಲಕ್ಕೆ ತರುವ ಸಿಸಿಟಿಎನ್‌ಎಸ್ ಯೋಜನೆಗೆ 2009ರಲ್ಲಿ ಕೇಂದ್ರ ಸಂಪುಟ ಸಮಿತಿ 2,000 ಕೋಟಿ ರೂಪಾಯಿ ಒಪ್ಪಿಗೆ ಕೊಟ್ಟಿತ್ತು. ಇಂದು ಎಫ್‌ಐಆರ್ ಪ್ರತಿಯನ್ನು ಮೊಬೈಲ್‌ನಲ್ಲಿ ನೋಡಲು ಸಾಧ್ಯವಾಗಿರುವುದು ಇಂತಹ ಹೂಡಿಕೆಯಿಂದ. ತಂತ್ರಜ್ಞಾನಕ್ಕೆ ಖರ್ಚು ಮಾಡುವುದೇ ತಪ್ಪು ಎಂಬ ವಾದ ಇಲ್ಲಿಲ್ಲ. ಕೊಟ್ಟ ಹಣಕ್ಕೆ ಕೆಲಸ ನಡೆಯಿತೇ ಎಂಬುದಷ್ಟೇ ಪ್ರಶ್ನೆ.

ಖರೀದಿಗೆ ಮೊದಲು ಯಾರು ನೋಡುತ್ತಾರೆ?

ಕರ್ನಾಟಕದಲ್ಲಿ ಸರ್ಕಾರಿ ಖರೀದಿಗೆ 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ ಇದೆ. ಇದನ್ನೇ ಕೆಟಿಪಿಪಿ ಕಾಯ್ದೆ ಎನ್ನುತ್ತಾರೆ. ದೊಡ್ಡ ಖರೀದಿಗೆ ಟೆಂಡರ್ ಕರೆಯಬೇಕು, ಪರಿಶೀಲನೆ ನಡೆಯಬೇಕು, ಟೆಂಡರ್‌ನಲ್ಲಿ ಸೋತವರಿಗೆ ಮೇಲ್ಮನವಿಗೆ ಅವಕಾಶ ಇರಬೇಕು. ಟೆಂಡರ್ ಪ್ರಕಟಣೆಗಳು ರಾಜ್ಯದ ಸಾರ್ವಜನಿಕ ಸಂಗ್ರಹಣಾ ಪೋರ್ಟಲ್ ಆದ ಕೆಪಿಪಿಪಿಯಲ್ಲಿ ಬರುತ್ತವೆ. ಅದೇ ಕಾಯ್ದೆಯ 4(ಜಿ) ಅಡಿಯಲ್ಲಿ ಸರ್ಕಾರ ನಿರ್ದಿಷ್ಟ ಖರೀದಿಗೆ ಟೆಂಡರ್‌ನಿಂದ ವಿನಾಯಿತಿ ಕೊಡಲೂಬಹುದು. ಹಾಗಾಗಿ ಯಾವುದೇ ಖರೀದಿಯ ಬಗ್ಗೆ ಮೊದಲ ಪ್ರಶ್ನೆ: ಟೆಂಡರ್ ಆಯಿತೇ, 4(ಜಿ) ವಿನಾಯಿತಿ ಪಡೆಯಲಾಯಿತೇ? ವಿನಾಯಿತಿ ಆಗಿದ್ದರೆ ಕಾರಣವೇನು?

ಈ ಹಂತ ಎಷ್ಟು ಮುಖ್ಯ ಎಂಬುದಕ್ಕೆ ಬೆಂಗಳೂರು ಸೇಫ್ ಸಿಟಿಯೇ ಉದಾಹರಣೆ. 2020ರ ಡಿಸೆಂಬರ್‌ನಲ್ಲಿ ಸುಮಾರು 619 ಕೋಟಿ ರೂಪಾಯಿಯ ಟೆಂಡರ್ ವಿಚಾರವಾಗಿ ಇಬ್ಬರು ಹಿರಿಯ ಐಪಿಎಸ್ ಅಧಿಕಾರಿಗಳು ಬಹಿರಂಗವಾಗಿಯೇ ಪರಸ್ಪರ ಆರೋಪ ಮಾಡಿದರು. ಒಬ್ಬರು ಟೆಂಡರ್ ಪ್ರಕ್ರಿಯೆಯಲ್ಲಿ ಹಸ್ತಕ್ಷೇಪ ನಡೆದಿದೆ ಎಂದರು. ಇನ್ನೊಬ್ಬರು ನಿಯಮ ಮೀರಿ ಒಂದು ಕಂಪನಿಗೆ ಅನುಕೂಲ ಮಾಡಲಾಗುತ್ತಿದೆ ಎಂದರು. ತಿಂಗಳ ಕೊನೆಗೆ ಇಬ್ಬರಿಗೂ ವರ್ಗಾವಣೆಯಾಯಿತು. ನಂತರ 2021ರಲ್ಲಿ ಗುತ್ತಿಗೆ ಸುಮಾರು 497 ಕೋಟಿ ರೂಪಾಯಿಗೆ ಹನಿವೆಲ್ ಕಂಪನಿಗೆ ಹೋಯಿತು.

ಯಾರದ್ದು ಸರಿ, ಯಾರದ್ದು ತಪ್ಪು ಎಂದು ತೀರ್ಪು ಕೊಡುವುದು ಇಲ್ಲಿನ ಉದ್ದೇಶವಲ್ಲ. ಗಮನಿಸಬೇಕಾದದ್ದು ಬೇರೆ ಇದೆ. ಜನಸಾಮಾನ್ಯರಿಗೆ ಈ ಟೆಂಡರ್ ಬಗ್ಗೆ ಗೊತ್ತಾದದ್ದು ಅಧಿಕಾರಿಗಳು ಜಗಳವಾಡಿದ ಮೇಲೆ. ಜಗಳ ಆಗದಿದ್ದರೆ ಗೊತ್ತಾಗುತ್ತಿತ್ತೇ? ಉತ್ತಮ ಮೇಲ್ವಿಚಾರಣೆ ಅಂದರೆ, ಯಾರೂ ಜಗಳವಾಡದಿದ್ದರೂ ಮಾಹಿತಿ ಜನರಿಗೆ ಸಿಗುವ ವ್ಯವಸ್ಥೆ.

ಹೊರದೇಶಗಳಲ್ಲಿ ಇದಕ್ಕೆ ಬೇರೆ ಬೇರೆ ದಾರಿ ಇದೆ. ಲಂಡನ್‌ನಲ್ಲಿ ಪೊಲೀಸ್ ಬಜೆಟ್ ಮೇಲೆ ಚುನಾಯಿತ ಮೇಯರ್ ಕಚೇರಿಯ ನಿಗಾ ಇದೆ. ಅಮೆರಿಕದ ಸಿಯಾಟಲ್, ಓಕ್ಲೆಂಡ್ ನಗರಗಳಲ್ಲಿ ನಿಗಾ ಉಪಕರಣ ಕೊಳ್ಳುವ ಮೊದಲು ಪೊಲೀಸರು ನಗರ ಸಭೆಯ ಒಪ್ಪಿಗೆ ಪಡೆಯಬೇಕು. ನ್ಯೂಯಾರ್ಕ್ ನಗರದಲ್ಲಿ 2020ರ ಕಾಯ್ದೆಯ ಪ್ರಕಾರ, ಯಾವ ನಿಗಾ ತಂತ್ರಜ್ಞಾನ ಬಳಸುತ್ತೇವೆ, ಅದರ ನಿಯಮವೇನು ಎಂಬುದನ್ನು ಪೊಲೀಸರು ಪ್ರಕಟಿಸಬೇಕು.

ಠಾಣೆಯೊಳಗಿನ ಕ್ಯಾಮೆರಾ: 2020ರ ಆದೇಶ ಏನು ಹೇಳುತ್ತದೆ?

ಜಿಲ್ಲೆಯ ಮಟ್ಟದಲ್ಲಿ ಪೊಲೀಸ್ ತಂತ್ರಜ್ಞಾನದ ಮೇಲೆ ನಿಗಾ ಇಡುವ ಅತಿ ಸ್ಪಷ್ಟ ವ್ಯವಸ್ಥೆ ಬಂದದ್ದು ಸುಪ್ರೀಂ ಕೋರ್ಟ್‌ನಿಂದ. ಪರಮ್‌ವೀರ್ ಸಿಂಗ್ ಸೈನಿ ಮತ್ತು ಬಲ್ಜೀತ್ ಸಿಂಗ್ ನಡುವಿನ ಪ್ರಕರಣದಲ್ಲಿ 2020ರ ಡಿಸೆಂಬರ್ 2ರಂದು ಬಂದ ಆದೇಶ ಅದು. ಇದರ ಮುಖ್ಯ ಅಂಶಗಳು ಹೀಗಿವೆ:

- ಪ್ರತಿ ಠಾಣೆಯ ಪ್ರವೇಶ ಮತ್ತು ಹೊರಬಾಗಿಲು, ಮುಖ್ಯ ಗೇಟು, ಎಲ್ಲ ಲಾಕಪ್‌ಗಳು, ಕಾರಿಡಾರ್, ಸ್ವಾಗತ ಜಾಗ, ಇನ್‌ಸ್ಪೆಕ್ಟರ್ ಮತ್ತು ಸಬ್ ಇನ್‌ಸ್ಪೆಕ್ಟರ್ ಕೊಠಡಿ, ಠಾಣೆಯ ಹಿಂಭಾಗ, ಶೌಚಾಲಯದ ಹೊರಭಾಗ ಕ್ಯಾಮೆರಾ ವ್ಯಾಪ್ತಿಯಲ್ಲಿರಬೇಕು. ಯಾವ ಭಾಗವೂ ಬಿಟ್ಟುಹೋಗಬಾರದು.
- ಕತ್ತಲಲ್ಲೂ ಕಾಣುವ ಸೌಲಭ್ಯ ಇರಬೇಕು. ದೃಶ್ಯದ ಜೊತೆ ಧ್ವನಿಯೂ ದಾಖಲಾಗಬೇಕು.
- ದೃಶ್ಯವನ್ನು 18 ತಿಂಗಳು ಉಳಿಸಬೇಕು. ಅಂತಹ ಉಪಕರಣ ಸಿಗದಿದ್ದರೆ ಸಿಗುವುದರಲ್ಲಿ ಅತಿ ಹೆಚ್ಚು ಅವಧಿಯದ್ದನ್ನು ಕೊಳ್ಳಬೇಕು. ಒಂದು ವರ್ಷಕ್ಕಿಂತ ಕಡಿಮೆ ಆಗುವಂತಿಲ್ಲ.
- ಕ್ಯಾಮೆರಾ ಇದೆ ಎಂದು ತಿಳಿಸುವ ದೊಡ್ಡ ಫಲಕ ಸ್ಥಳೀಯ ಭಾಷೆಯಲ್ಲೂ ಇರಬೇಕು. ಅಂದರೆ ನಮ್ಮಲ್ಲಿ ಕನ್ನಡದಲ್ಲಿ.
- ಕ್ಯಾಮೆರಾ ಕೆಲಸ ಮಾಡುವಂತೆ, ದಾಖಲಾಗುವಂತೆ ನೋಡಿಕೊಳ್ಳುವ ಹೊಣೆ ಠಾಣಾಧಿಕಾರಿಯದು.

ಹೆಚ್ಚಿನವರಿಗೆ ಗೊತ್ತಿಲ್ಲದ ಇನ್ನೊಂದು ಅಂಶವೂ ಇದೆ. ಕ್ಯಾಮೆರಾ ಕೆಟ್ಟರೆ ಠಾಣಾಧಿಕಾರಿ ತಕ್ಷಣ ಜಿಲ್ಲಾ ಸಮಿತಿಗೆ ತಿಳಿಸಬೇಕು. ಅಷ್ಟೇ ಅಲ್ಲ, ಕ್ಯಾಮೆರಾ ಕೆಟ್ಟಿದ್ದ ಅವಧಿಯಲ್ಲಿ ಆ ಠಾಣೆಯಲ್ಲಿ ಯಾರನ್ನು ಬಂಧಿಸಲಾಯಿತು, ಯಾರ ವಿಚಾರಣೆ ನಡೆಯಿತು ಎಂಬ ವಿವರವನ್ನೂ ಸಮಿತಿಗೆ ಕಳುಹಿಸಬೇಕು. ಹಾಗಾಗಿ "ಅವತ್ತು ಕ್ಯಾಮೆರಾ ಕೆಟ್ಟಿತ್ತು" ಎಂಬ ಉತ್ತರ ಬಂದರೆ ಅಲ್ಲಿಗೆ ಮುಗಿಯುವುದಿಲ್ಲ. "ಹಾಗಾದರೆ ಅವತ್ತೇ ಸಮಿತಿಗೆ ಕಳುಹಿಸಿದ ವರದಿ ಎಲ್ಲಿದೆ?" ಎಂದು ಕೇಳಬಹುದು.

18 ತಿಂಗಳು ಉಳಿಸುವುದು ಎಂದರೆ ಎಷ್ಟು?

ಕ್ಯಾಮೆರಾ ಕೊಳ್ಳುವುದು ಸುಲಭದ ಭಾಗ. ದೃಶ್ಯ ಉಳಿಸುವುದೇ ಕಷ್ಟದ ಭಾಗ. ಒಂದು ಸರಳ ಲೆಕ್ಕ ಹಾಕೋಣ.

ಸಾಧಾರಣ ಸ್ಪಷ್ಟತೆಯ ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ ದತ್ತಾಂಶ ಕಳಿಸುತ್ತದೆ ಎಂದುಕೊಳ್ಳಿ. 8 ಬಿಟ್‌ಗೆ ಒಂದು ಬೈಟ್. ಅಂದರೆ ಸೆಕೆಂಡಿಗೆ ಕಾಲು ಮೆಗಾಬೈಟ್. ದಿನಕ್ಕೆ 86,400 ಸೆಕೆಂಡು. ಗುಣಿಸಿದರೆ ದಿನಕ್ಕೆ 21.6 ಜಿಬಿ ಆಗುತ್ತದೆ. ತಿಂಗಳಿಗೆ ಸುಮಾರು 648 ಜಿಬಿ. 18 ತಿಂಗಳಿಗೆ ಸುಮಾರು 11.7 ಟಿಬಿ. ಇದು ಒಂದೇ ಕ್ಯಾಮೆರಾದ ಲೆಕ್ಕ. ಒಂದು ಠಾಣೆಯಲ್ಲಿ 15 ಕ್ಯಾಮೆರಾ ಇದ್ದರೆ 18 ತಿಂಗಳಿಗೆ ಸುಮಾರು 175 ಟಿಬಿ ಬೇಕು. ನಿಮ್ಮ 128 ಜಿಬಿ ಮೊಬೈಲ್‌ಗೆ ಹೋಲಿಸಿದರೆ ಇದು 1,300ಕ್ಕೂ ಹೆಚ್ಚು ಮೊಬೈಲ್‌ಗಳ ಜಾಗ.

ಈಗ ತಿರುಗಿಸಿ ನೋಡಿ. ಅದೇ 15 ಕ್ಯಾಮೆರಾಗೆ 10 ಟಿಬಿಯ ಡಿಸ್ಕ್ ಮಾತ್ರ ಜೋಡಿಸಿದ್ದರೆ? ಸುಮಾರು 31 ದಿನಕ್ಕೆ ತುಂಬುತ್ತದೆ. ನಂತರ ಯಂತ್ರ ತಾನಾಗಿಯೇ ಹಳೆಯ ದೃಶ್ಯದ ಮೇಲೆ ಹೊಸದನ್ನು ಬರೆಯುತ್ತದೆ. ಯಾರೂ ಬೇಕೆಂದೇ ಅಳಿಸಬೇಕಿಲ್ಲ. ಕ್ಯಾಮೆರಾ ಉರಿಯುತ್ತಿರುತ್ತದೆ, ಪರದೆಯಲ್ಲಿ ಚಿತ್ರ ಕಾಣುತ್ತಿರುತ್ತದೆ, ಆದರೆ ಎರಡು ತಿಂಗಳ ಹಿಂದಿನ ದೃಶ್ಯ ಇರುವುದಿಲ್ಲ.

ಚಲನೆ ಇದ್ದಾಗ ಮಾತ್ರ ದಾಖಲಿಸುವುದು, ಉತ್ತಮ ಸಂಕುಚನ ಬಳಸುವುದು ಮುಂತಾದ ಉಪಾಯಗಳಿಂದ ಈ ಅಂಕಿ ಕಡಿಮೆಯಾಗಬಹುದು. ಸ್ಪಷ್ಟತೆ ಹೆಚ್ಚಿಸಿದರೆ ಏರುತ್ತದೆ. ತತ್ವ ಮಾತ್ರ ಒಂದೇ: ಕ್ಯಾಮೆರಾ ಎಷ್ಟಿದೆ ಎಂದು ಕೇಳಿದರೆ ಅರ್ಧ ಉತ್ತರ ಸಿಗುತ್ತದೆ. ಎಷ್ಟು ದಿನದ ದೃಶ್ಯ ಉಳಿಯುತ್ತದೆ ಎಂದು ಕೇಳಿದರೆ ಪೂರ್ತಿ ಉತ್ತರ ಸಿಗುತ್ತದೆ.

ಖರ್ಚಿನ ಲೆಕ್ಕವೂ ಹೀಗೆಯೇ. ಮೊದಲ ಬೆಲೆಯ ಜೊತೆಗೆ ಡಿಸ್ಕ್, ಇಂಟರ್ನೆಟ್, ವಿದ್ಯುತ್ ಹೋದಾಗ ನಡೆಸುವ ಯುಪಿಎಸ್, ವಾರ್ಷಿಕ ನಿರ್ವಹಣಾ ಗುತ್ತಿಗೆ, ನೋಡಿಕೊಳ್ಳುವ ಸಿಬ್ಬಂದಿ ಎಲ್ಲವೂ ಸೇರಬೇಕು. ನಿರ್ವಹಣಾ ಗುತ್ತಿಗೆ ಮುಗಿದ ದಿನದಿಂದ ಉಪಕರಣದ ಆಯುಷ್ಯ ಎಣಿಕೆಗೆ ಬಿದ್ದಂತೆ. ಬಜೆಟ್‌ನಲ್ಲಿ ಖರೀದಿಗೆ ಹಣ ಇಟ್ಟು ನಿರ್ವಹಣೆಗೆ ಇಡದಿದ್ದರೆ ಆ ಯೋಜನೆ ಅರ್ಧದಾರಿಯಲ್ಲೇ ನಿಲ್ಲುತ್ತದೆ.

ಜಿಲ್ಲಾ ಸಮಿತಿಯಲ್ಲಿ ಯಾರಿರಬೇಕು?

ಆದೇಶದ ಪ್ರಕಾರ ಎರಡು ಹಂತದ ಸಮಿತಿ ಇದೆ. ರಾಜ್ಯ ಸಮಿತಿಯಲ್ಲಿ ಗೃಹ ಇಲಾಖೆ ಕಾರ್ಯದರ್ಶಿ, ಹಣಕಾಸು ಇಲಾಖೆ ಕಾರ್ಯದರ್ಶಿ, ಪೊಲೀಸ್ ಮಹಾನಿರ್ದೇಶಕರು, ರಾಜ್ಯ ಮಹಿಳಾ ಆಯೋಗದ ಅಧ್ಯಕ್ಷರು ಅಥವಾ ಸದಸ್ಯರು ಇರಬೇಕು. ಖರೀದಿ, ಹಂಚಿಕೆ, ಬಜೆಟ್ ತರುವುದು ಇವರ ಕೆಲಸ.

ಜಿಲ್ಲಾ ಸಮಿತಿಯಲ್ಲಿ ಪ್ರಾದೇಶಿಕ ಆಯುಕ್ತರಂತಹ ವಿಭಾಗ ಮಟ್ಟದ ಅಧಿಕಾರಿ, ಜಿಲ್ಲಾಧಿಕಾರಿ, ಜಿಲ್ಲಾ ಎಸ್‌ಪಿ, ಇವರ ಜೊತೆ ಒಬ್ಬ ಜನಪ್ರತಿನಿಧಿ ಇರಬೇಕು. ಆ ಪ್ರತಿನಿಧಿ ಜಿಲ್ಲೆಯೊಳಗಿನ ನಗರಾಡಳಿತ ಸಂಸ್ಥೆಯ ಮೇಯರ್, ಗ್ರಾಮೀಣ ಪ್ರದೇಶದಲ್ಲಾದರೆ ಜಿಲ್ಲಾ ಪಂಚಾಯಿತಿಯ ಮುಖ್ಯಸ್ಥರು. ಕ್ಯಾಮೆರಾ ನಿರ್ವಹಣೆ ನೋಡುವುದು, ಠಾಣಾಧಿಕಾರಿಗಳ ಜೊತೆ ಮಾತನಾಡುವುದು, ಪ್ರತಿ ತಿಂಗಳು ರಾಜ್ಯ ಸಮಿತಿಗೆ ವರದಿ ಕಳುಹಿಸುವುದು ಈ ಸಮಿತಿಯ ಕೆಲಸ. ವರದಿಯಾಗದ ಮಾನವ ಹಕ್ಕು ಉಲ್ಲಂಘನೆ ಏನಾದರೂ ನಡೆದಿದೆಯೇ ಎಂದು ದಾಖಲಾದ ದೃಶ್ಯಗಳನ್ನು ಪರಿಶೀಲಿಸುವುದೂ ಇದರ ಕೆಲಸವೇ.

ಇಲ್ಲಿ ಬೆಂಗಳೂರು ಗ್ರಾಮಾಂತರಕ್ಕೆ ಒಂದು ನಿಜವಾದ ಸಮಸ್ಯೆ ಇದೆ. ಕರ್ನಾಟಕದಲ್ಲಿ 2016ರಲ್ಲಿ ಆಯ್ಕೆಯಾದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ಆ ನಂತರ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಚುನಾಯಿತ ಅಧ್ಯಕ್ಷರ ಜಾಗಕ್ಕೆ ಸರ್ಕಾರ ನೇಮಿಸಿದ ಆಡಳಿತಾಧಿಕಾರಿ ಬಂದರು. ಅಂದರೆ ಸಮಿತಿಯಲ್ಲಿ ಗ್ರಾಮೀಣ ಜನರ ಪರವಾಗಿ ಕೂರಬೇಕಾದ ಚುನಾಯಿತರ ಕುರ್ಚಿಯೇ ಖಾಲಿ. ಉಳಿದವರೆಲ್ಲ ಅಧಿಕಾರಿಗಳು. ಅವರಲ್ಲಿ ಒಬ್ಬರು, ಯಾರ ಮೇಲೆ ನಿಗಾ ಇಡಬೇಕೋ ಆ ಇಲಾಖೆಯವರೇ.

ಜಿಲ್ಲಾ ಪಂಚಾಯಿತಿ ಚುನಾವಣೆ ಎಂದರೆ ರಸ್ತೆ, ಚರಂಡಿ, ನರೇಗಾ ಬಗ್ಗೆ ಮಾತ್ರ ಎಂದುಕೊಂಡಿದ್ದವರು ಈ ಕೊಂಡಿಯನ್ನು ಗಮನಿಸಬೇಕು. ಚುನಾವಣೆ ತಡವಾದರೆ ನಷ್ಟವಾಗುವುದು ಅಭಿವೃದ್ಧಿ ಕೆಲಸಕ್ಕೆ ಮಾತ್ರವಲ್ಲ, ಪೊಲೀಸ್ ಠಾಣೆಯ ಮೇಲಿನ ನಿಗಾಕ್ಕೂ ಹೌದು.

ಈ ಸಮಸ್ಯೆ ಕಾಗದದ್ದಲ್ಲ ಎಂಬುದನ್ನು ಸುಪ್ರೀಂ ಕೋರ್ಟೇ ತೋರಿಸಿದೆ. ರಾಜಸ್ಥಾನದಲ್ಲಿ ಪೊಲೀಸ್ ವಶದಲ್ಲಿ ಸಂಭವಿಸಿದ ಸಾವುಗಳ ಬಗ್ಗೆ ಪತ್ರಿಕಾ ವರದಿ ಆಧರಿಸಿ, ಠಾಣೆಗಳಲ್ಲಿ ಕೆಲಸ ಮಾಡದ ಕ್ಯಾಮೆರಾಗಳ ವಿಷಯವನ್ನು 2025ರ ಸೆಪ್ಟೆಂಬರ್‌ನಲ್ಲಿ ನ್ಯಾಯಾಲಯ ತಾನಾಗಿಯೇ ಕೈಗೆತ್ತಿಕೊಂಡಿತು. ಆದೇಶ ಬಂದು ಸುಮಾರು ಐದು ವರ್ಷಗಳ ನಂತರವೂ ಅದೇ ಪ್ರಶ್ನೆ ಕೇಳಬೇಕಾಯಿತು.

ಖರ್ಚಾದ ಮೇಲೆ ಯಾರು ಲೆಕ್ಕ ನೋಡುತ್ತಾರೆ?

ಸಿಎಜಿ, ಅಂದರೆ ಭಾರತದ ಲೆಕ್ಕಪರಿಶೋಧಕರು ಮತ್ತು ಮಹಾಲೇಖಪಾಲರು. ರಾಜ್ಯದ ಕುರಿತ ಸಿಎಜಿ ವರದಿ ರಾಜ್ಯಪಾಲರ ಮೂಲಕ ವಿಧಾನಮಂಡಲಕ್ಕೆ ಬರುತ್ತದೆ. ಅಲ್ಲಿ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಅಧಿಕಾರಿಗಳನ್ನು ಕರೆದು ಪ್ರಶ್ನಿಸಬಹುದು. ಇಂತಹ ತಪಾಸಣೆಯಿಂದ ಏನು ಪ್ರಯೋಜನ ಎಂಬುದಕ್ಕೆ ದೆಹಲಿ ಪೊಲೀಸರ ಕುರಿತ 2020ರ ಸಿಎಜಿ ವರದಿ ಉದಾಹರಣೆ. ಸುಮಾರು 20 ವರ್ಷ ಹಳೆಯ ವೈರ್‌ಲೆಸ್ ವ್ಯವಸ್ಥೆ ಇನ್ನೂ ಬಳಕೆಯಲ್ಲಿದೆ, ಸಿಸಿಟಿವಿ ಕ್ಯಾಮೆರಾಗಳಲ್ಲಿ ದೊಡ್ಡ ಪಾಲು ಕೆಲಸ ಮಾಡುತ್ತಿಲ್ಲ ಎಂದು ಅದು ಬಯಲಿಗೆ ತಂದಿತು.

ಲಂಚದ ದೂರಿಗೆ ಲೋಕಾಯುಕ್ತ ಇದೆ. ಪೊಲೀಸರ ದುರ್ನಡತೆಯ ದೂರಿಗೆ ರಾಜ್ಯ ಮತ್ತು ಜಿಲ್ಲಾ ಮಟ್ಟದ ಪೊಲೀಸ್ ದೂರು ಪ್ರಾಧಿಕಾರಗಳಿವೆ. 2006ರ ಪ್ರಕಾಶ್ ಸಿಂಗ್ ಪ್ರಕರಣದ ತೀರ್ಪಿನ ನಂತರ, 2012ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಇವುಗಳಿಗೆ ಅವಕಾಶ ಮಾಡಲಾಯಿತು.

ಕ್ಯಾಮೆರಾ ಹಾಕಿದರೆ ಅಪರಾಧ ನಿಲ್ಲುತ್ತದೆಯೇ?

ಸ್ವಲ್ಪ ಮಟ್ಟಿಗೆ, ಕೆಲವು ಕಡೆ. ಸಿಸಿಟಿವಿ ಕುರಿತ 40 ವರ್ಷಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ಪಿಜಾ, ವೆಲ್ಶ್, ಫ್ಯಾರಿಂಗ್ಟನ್ ಮತ್ತು ಥಾಮಸ್ 2019ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಕ್ಯಾಮೆರಾ ಇರುವ ಕಡೆ ಅಪರಾಧ ಸರಾಸರಿ ಶೇ 13ರಷ್ಟು ಕಡಿಮೆಯಾಗಿತ್ತು. ವಾಹನ ನಿಲುಗಡೆ ಜಾಗಗಳಲ್ಲಿ ಪರಿಣಾಮ ಹೆಚ್ಚು. ಹಿಂಸಾತ್ಮಕ ಅಪರಾಧಗಳ ಮೇಲೆ ಗಣನೀಯ ಪರಿಣಾಮ ಕಾಣಲಿಲ್ಲ. ಕ್ಯಾಮೆರಾವನ್ನು ಯಾರಾದರೂ ಕುಳಿತು ನೋಡುತ್ತಿದ್ದ ಕಡೆ ಫಲ ಹೆಚ್ಚಾಗಿತ್ತು.

ಅಪರಾಧ ನಡೆದ ಮೇಲೆ ಪತ್ತೆಗೆ ದೃಶ್ಯ ನೆರವಾಗುತ್ತದೆ ಎಂಬುದು ಬೇರೆ ಮಾತು. ಆದರೆ "ಕ್ಯಾಮೆರಾ ಬಂತು, ಇನ್ನು ಭಯವಿಲ್ಲ" ಎನ್ನುವುದು ಅತಿಯಾಯಿತು. ದೊಡ್ಡಬಳ್ಳಾಪುರದ ಬಸ್ ನಿಲ್ದಾಣಕ್ಕೆ ಒಳ್ಳೆಯದಾದದ್ದು ರಾತ್ರಿ ಪಾಳಿ ಮುಗಿಸಿ ಕತ್ತಲೆ ರಸ್ತೆಯಲ್ಲಿ ನಡೆಯುವ ಕಾರ್ಮಿಕರಿಗೆ ಸಾಕಾಗದಿರಬಹುದು. ಅಲ್ಲಿ ಬೀದಿ ದೀಪ, ಗಸ್ತು ವಾಹನ ಹೆಚ್ಚು ಉಪಯೋಗಕ್ಕೆ ಬರಬಹುದು. ಅದೇ ಹಣದಲ್ಲಿ ಯಾವುದು ಹೆಚ್ಚು ಪ್ರಯೋಜನ ಎಂದು ಕೇಳುವುದೂ ಮೇಲ್ವಿಚಾರಣೆಯ ಭಾಗ.

ಖಾಸಗಿತನದ ಪ್ರಶ್ನೆಯೂ ಇದೆ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್ ತೀರ್ಪು ನೀಡಿತು. ಆ ಅರ್ಜಿದಾರರು ನಮ್ಮವರೇ, ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಸರ್ಕಾರ ಈ ಹಕ್ಕನ್ನು ಮಿತಿಗೊಳಿಸಬೇಕಾದರೆ ಅದಕ್ಕೆ ಕಾನೂನಿನ ಆಧಾರ ಇರಬೇಕು, ಸರಿಯಾದ ಉದ್ದೇಶ ಇರಬೇಕು, ಕ್ರಮವು ಆ ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು. ಮುಖ ಗುರುತಿಸುವ ತಂತ್ರಜ್ಞಾನವನ್ನೂ ಈ ಮೂರು ಅಳತೆಗೋಲಿನಿಂದಲೇ ನೋಡಬೇಕು.

ಫಾರ್ವರ್ಡ್‌ಗಳ ಪರೀಕ್ಷೆ

"ಮೂರು ಟಿಕ್ ಬಂದರೆ ಸರ್ಕಾರ ನಿಮ್ಮ ಸಂದೇಶ ಓದಿದೆ, ನಾಳೆಯಿಂದ ಎಲ್ಲ ಕರೆ ರೆಕಾರ್ಡ್" — ಸುಳ್ಳು. ವಾಟ್ಸ್‌ಆ್ಯಪ್‌ನಲ್ಲಿ ಮೂರು ಟಿಕ್ ಎಂಬುದೇ ಇಲ್ಲ. ಫೋನ್ ಕದ್ದಾಲಿಕೆಗೆ ಸಾಮಾನ್ಯವಾಗಿ ಕೇಂದ್ರ ಅಥವಾ ರಾಜ್ಯ ಗೃಹ ಕಾರ್ಯದರ್ಶಿಯ ಆದೇಶ ಬೇಕು. ಆದೇಶದ ಅವಧಿ 60 ದಿನ, ವಿಸ್ತರಿಸಿದರೂ 180 ದಿನ ಮೀರುವಂತಿಲ್ಲ. ರಾಜ್ಯದ ಆದೇಶಗಳನ್ನು ಮುಖ್ಯ ಕಾರ್ಯದರ್ಶಿ ನೇತೃತ್ವದ ಸಮಿತಿ ಪರಿಶೀಲಿಸಬೇಕು.

"ಪೊಲೀಸ್ ಇಲಾಖೆಗೆ ಆರ್‌ಟಿಐ ಅನ್ವಯಿಸದು" — ಸುಳ್ಳು. ಗುಪ್ತಚರ ಮತ್ತು ಭದ್ರತಾ ಘಟಕಗಳಿಗೆ ವಿನಾಯಿತಿ ಕೊಡುವ ಅಧಿಕಾರ ಸರ್ಕಾರಕ್ಕಿದೆ. ಭ್ರಷ್ಟಾಚಾರ ಮತ್ತು ಮಾನವ ಹಕ್ಕು ಉಲ್ಲಂಘನೆಯ ಮಾಹಿತಿಗೆ ಆ ವಿನಾಯಿತಿಯೂ ಅನ್ವಯಿಸದು. ತನಿಖೆಗೆ ಅಡ್ಡಿಯಾಗುವ, ಯಾರದಾದರೂ ಜೀವಕ್ಕೆ ಅಪಾಯ ತರುವ ಮಾಹಿತಿಯನ್ನು ನಿರಾಕರಿಸಬಹುದು. ಕ್ಯಾಮೆರಾ ಎಷ್ಟು, ಬೆಲೆ ಎಷ್ಟು, ಕೆಟ್ಟದ್ದು ಎಷ್ಟು ಎಂಬುದು ಆ ಗುಂಪಿಗೆ ಸೇರುವುದು ಕಷ್ಟ.

"ಠಾಣೆಯ ದೃಶ್ಯ ಯಾರು ಕೇಳಿದರೂ ಕೊಡಲೇಬೇಕು" — ಪೂರ್ತಿ ನಿಜವಲ್ಲ. ಸಂತ್ರಸ್ತರಿಗೆ ದೃಶ್ಯ ಉಳಿಸುವಂತೆ ಕೇಳುವ ಹಕ್ಕಿದೆ. ಮಾನವ ಹಕ್ಕು ಆಯೋಗ, ನ್ಯಾಯಾಲಯ ಅದನ್ನು ತರಿಸಿಕೊಳ್ಳಬಹುದು. ಬೇರೆಯವರು ಕೇಳಿದಾಗ ಇತರರ ಖಾಸಗಿತನ, ತನಿಖೆಯ ಕಾರಣ ನೀಡಿ ನಿರಾಕರಿಸುವ ಸಾಧ್ಯತೆ ಇದೆ.

ನೀವು ಕೇಳಬಹುದಾದ ಪ್ರಶ್ನೆಗಳು

ಕರ್ನಾಟಕದ ನಿಯಮದ ಪ್ರಕಾರ ಒಂದು ಆರ್‌ಟಿಐ ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕ ಇಲ್ಲ. ಕನ್ನಡದಲ್ಲೇ ಬರೆಯಬಹುದು, ಆನ್‌ಲೈನ್‌ನಲ್ಲೂ ಸಲ್ಲಿಸಬಹುದು. ಕಾರಣ ಹೇಳಬೇಕಿಲ್ಲ.

ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ:

1. ಜಿಲ್ಲೆಯ ಪ್ರತಿ ಠಾಣೆಯಲ್ಲಿ ಎಷ್ಟು ಸಿಸಿಟಿವಿ ಇವೆ, ಇಂದು ಎಷ್ಟು ಕೆಲಸ ಮಾಡುತ್ತಿವೆ?
2. ಪ್ರತಿ ಠಾಣೆಯಲ್ಲಿ ಎಷ್ಟು ದಿನದ ದೃಶ್ಯ ಉಳಿಯುತ್ತದೆ?
3. ನಿರ್ವಹಣಾ ಗುತ್ತಿಗೆ ಯಾರಿಗೆ, ಎಷ್ಟು ಮೊತ್ತಕ್ಕೆ, ಯಾವ ದಿನಾಂಕದವರೆಗೆ?
4. ಕಳೆದ 12 ತಿಂಗಳಲ್ಲಿ ಕ್ಯಾಮೆರಾ ಕೆಟ್ಟ ಬಗ್ಗೆ ಜಿಲ್ಲಾ ಸಮಿತಿಗೆ ಕಳುಹಿಸಿದ ವರದಿಗಳ ಪ್ರತಿ.

ದೇವನಹಳ್ಳಿ ತಾಲ್ಲೂಕಿನ ಬೀರಸಂದ್ರದಲ್ಲಿರುವ ಜಿಲ್ಲಾಧಿಕಾರಿ ಕಚೇರಿಗೆ ಪ್ರತ್ಯೇಕ ಅರ್ಜಿ: ಜಿಲ್ಲಾ ಮಟ್ಟದ ಮೇಲ್ವಿಚಾರಣಾ ಸಮಿತಿ ಯಾವಾಗ ರಚನೆಯಾಯಿತು, ಸದಸ್ಯರು ಯಾರು, ಜನಪ್ರತಿನಿಧಿಯ ಸ್ಥಾನದಲ್ಲಿ ಯಾರಿದ್ದಾರೆ, ಎಷ್ಟು ಸಭೆ ನಡೆದಿದೆ, ನಡಾವಳಿ ಮತ್ತು ಮಾಸಿಕ ವರದಿಗಳ ಪ್ರತಿ ಕೊಡಿ.

ಬೀದಿಯ ಕ್ಯಾಮೆರಾ ಬಗ್ಗೆ ನಗರಸಭೆ, ಪುರಸಭೆ ಅಥವಾ ಪಂಚಾಯಿತಿಗೆ: ಮಾಲೀಕರು ಯಾರು, ಹಣ ಯಾವ ನಿಧಿಯದು, ದೃಶ್ಯ ನೋಡುವ ಅಧಿಕಾರ ಯಾರಿಗೆ, ನಿರ್ವಹಣೆ ಯಾರದು?

30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಅಥವಾ ತೃಪ್ತಿಯಾಗದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ, ನಂತರ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೆಯ ಮೇಲ್ಮನವಿ.

ಠಾಣೆಯಲ್ಲಿ ಹಲ್ಲೆ ಅಥವಾ ಅಕ್ರಮ ಬಂಧನವಾದರೆ

ಇಲ್ಲಿ ಆರ್‌ಟಿಐಗೆ ಕಾಯಬೇಡಿ. ಡಿಸ್ಕ್ ತುಂಬುವ ಮೊದಲು ಕೆಲಸ ಆಗಬೇಕು. ಠಾಣೆಯ ಹೆಸರು, ದಿನಾಂಕ, ಅಂದಾಜು ಸಮಯ, ಠಾಣೆಯ ಯಾವ ಭಾಗದಲ್ಲಿ ನಡೆಯಿತು ಎಂಬುದನ್ನು ಬರೆದು, "ಈ ಅವಧಿಯ ದೃಶ್ಯ ಮತ್ತು ಧ್ವನಿಯನ್ನು ಸಂರಕ್ಷಿಸಬೇಕು" ಎಂದು ಎಸ್‌ಪಿ ಕಚೇರಿಗೆ ಮನವಿ ಕೊಡಿ. ಸ್ವೀಕೃತಿ ಪಡೆಯಿರಿ, ಇಲ್ಲವೇ ನೋಂದಾಯಿತ ಅಂಚೆಯಲ್ಲಿ ಕಳುಹಿಸಿ ರಸೀದಿ ಇಟ್ಟುಕೊಳ್ಳಿ. ಪ್ರತಿಯನ್ನು ಜಿಲ್ಲಾಧಿಕಾರಿಗೂ ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೂ ಕಳುಹಿಸಿ. ಆಯೋಗಕ್ಕೆ ದೂರು ನೀಡಲು ಶುಲ್ಕ ಇಲ್ಲ. ಗಾಯವಾಗಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿ ದಾಖಲೆ ಪಡೆಯಿರಿ. ವಕೀಲರ ಹಣ ಇಲ್ಲದವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ನೆರವು ಕೇಳಬಹುದು.

ಫಾರ್ವರ್ಡ್ ಮಾಡಬಹುದಾದ ನಾಲ್ಕು ಸಾಲು

ಪೊಲೀಸ್ ಠಾಣೆಯ ಪ್ರತಿ ಭಾಗದಲ್ಲೂ ಕ್ಯಾಮೆರಾ ಇರಬೇಕು, ದೃಶ್ಯ ಕನಿಷ್ಠ ಒಂದು ವರ್ಷ ಉಳಿಯಬೇಕು ಎಂಬುದು 2020ರ ಸುಪ್ರೀಂ ಕೋರ್ಟ್ ಆದೇಶ.
ಕ್ಯಾಮೆರಾ ಕೆಟ್ಟರೆ ಠಾಣಾಧಿಕಾರಿ ಜಿಲ್ಲಾ ಸಮಿತಿಗೆ ತಿಳಿಸಬೇಕು, ಆ ಅವಧಿಯ ಬಂಧನ, ವಿಚಾರಣೆಗಳ ವಿವರವನ್ನೂ ಕೊಡಬೇಕು.
ಕ್ಯಾಮೆರಾ ಎಷ್ಟು, ಖರ್ಚು ಎಷ್ಟು, ಎಷ್ಟು ದಿನದ ದೃಶ್ಯ ಇದೆ ಎಂದು 10 ರೂಪಾಯಿಯ ಆರ್‌ಟಿಐ ಅರ್ಜಿಯಲ್ಲಿ ಯಾರೂ ಕೇಳಬಹುದು.
ಅನ್ಯಾಯವಾದರೆ ದೃಶ್ಯ ಉಳಿಸುವಂತೆ ಅದೇ ದಿನ ಬರೆದು ಕೊಡಿ, ತಡ ಮಾಡಬೇಡಿ.